ಕೆಂಪು ಗಾಜಿನೊಳಗಿನ ಹೊಳೆ

"ಒಂದ ಕಣ್ಣಿಲೆ ಅಳಾಕತ್ತದ ನೋಡ್ರಿ ಬಾಯಾರ," ಎಂದು ಮೆಕ್ಯಾನಿಕ್ ಜಲಾಲುದ್ದೀನ ಕಾರಿನ ಬಲಗಡೆಯ ಟೇಲ್ ಲೈಟಿನ ಮೇಲೆ ಉಗುರಿನಿಂದ ಕುಟ್ಟಿದ. "ಎಡಗಣ್ಣಿಗೆ ಯಾವ ದುಃಖಾನೂ ಇಲ್ಲ."

ಬಸವೇಶ್ವರಿ ಬಗ್ಗಿ ನೋಡಿದರು. ಕೆಂಪು ಗಾಜಿನ ಒಳಮೈ ತುಂಬ ಮಂಜು ಕೂತಿತ್ತು. ಮಂಜಿನ ಕೆಳಗೆ ಎರಡು ಬೆರಳು ನೀರು. ಕಾರಿನ ಮೈಯನ್ನು ಅಂಗೈಯಿಂದ ನೂಕಿದಾಗ ಒಳಗಿನ ನೀರೂ ಸೋಮಾರಿಯಾಗಿ ಅತ್ತಿತ್ತ ಹೊರಳಿತು.

ಕಾರು ಶಹಾಪುರದ ಬೇಳೆ ಮಿಲ್ಲಿನ ಸಾಹುಕಾರ ಸಂಗಮನಾಥರದು. ಬೆಳ್ಳಗೆ, ಅಗಲಕ್ಕೆ, ಅಗತ್ಯಕ್ಕಿಂತ ದೊಡ್ಡದಾಗಿ, ಒಡೆಯನ ಹಾಗೆಯೇ ಇತ್ತು. ಹಿಂದಿನ ಗಾಜಿನ ಮೇಲೆ ಅವರ ಮನೆದೇವರ ಹೆಸರು. ಅದರ ಕೆಳಗೆ ಇನ್ನೂ ದೊಡ್ಡ ಅಕ್ಷರಗಳಲ್ಲಿ ಅವರದೇ ಹೆಸರು.

ಬಸವೇಶ್ವರಿ ಯಾದಗಿರಿಯವರು. ಜಖಂ ಆದ ವಾಹನಗಳನ್ನು ನೋಡಿ ವಿಮೆ ಕಂಪನಿಗಳಿಗೆ ವರದಿ ಬರೆಯುವುದು ಕೆಲಸ. ಇಪ್ಪತ್ತೆರಡು ವರ್ಷಗಳಲ್ಲಿ ತಾನಾಗಿಯೇ ಹೊತ್ತಿಕೊಂಡ ಲಾರಿಗಳನ್ನೂ ತಾನಾಗಿಯೇ ಬಾವಿಗೆ ಹಾರಿದ ಟ್ರ್ಯಾಕ್ಟರುಗಳನ್ನೂ ಕಂಡಿದ್ದರು. ಜನ ಸುಳ್ಳು ಹೇಳುತ್ತಾರೆಂಬುದು ಅವರಿಗೆ ಬೇಸರ ತರುತ್ತಿರಲಿಲ್ಲ. ಇಷ್ಟು ಮೈಗಳ್ಳತನದಿಂದ ಹೇಳುತ್ತಾರಲ್ಲ ಎಂಬುದು ತರುತ್ತಿತ್ತು.

ಐದು ವಾರದ ಹಿಂದೆ, ಅಮಾವಾಸ್ಯೆಯ ಮರುದಿನ, ದಸ್ತಾವೇಜು ಬರೆಯುವ ವಹಾಬನ ಹೆಣ ತಿಂಥಣಿಯ ಬಳಿ ಕೃಷ್ಣೆಯಲ್ಲಿ ತೇಲಿತ್ತು. ಅವನ ಒದ್ದೆ ಮೊಬೈಲು ಸುರಪುರದಲ್ಲಿ, ಸಾಹುಕಾರರ ಡ್ರೈವರ್ ಭೀಮುವಿನ ಮನೆಯ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತ್ತು. ಅಮಾವಾಸ್ಯೆ ಮರುದಿನ ಕಾರು ತೊಳೆಯುವಾಗ ಡಿಕ್ಕಿಯಲ್ಲಿ ಬಿದ್ದಿತ್ತು, ಒಣಗಿಸಿ ಇಟ್ಟುಕೊಳ್ಳೋಣವೆಂದು ಆಸೆಪಟ್ಟೆ ಎಂದು ಭೀಮು ಹೇಳಿದ. ಆ ವಾರವೆಲ್ಲ ಕಾರು ನನ್ನ ಅಂಗಳ ಬಿಟ್ಟು ಕದಲಿಲ್ಲ ಎಂದು ಸಾಹುಕಾರರು ಹೇಳಿದರು. ಸಾಹುಕಾರರ ಮಾತು ಗೆದ್ದಿತು. ಅದು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಠಾಣೆಗೆ ಹೋಗಿತ್ತು.

ನಾಳೆ ಹನ್ನೊಂದು ಗಂಟೆಗೆ ಭೀಮುವಿನ ಜಾಮೀನು ಅರ್ಜಿ. ಅಷ್ಟರೊಳಗೆ, ಕಾರು ಹೊಳೆಗೆ ಹೋಗಿತ್ತೆಂದು ತೋರಿಸಿದರೆ ಅವನ ಮಾತಿಗೆ ಜೀವ ಬರುತ್ತದೆ. ಇಲ್ಲದಿದ್ದರೆ ಅವನು ಒಳಗೇ.

ಈ ದೀಪವನ್ನು ಯಾರೂ ಹುಡುಕಿರಲಿಲ್ಲ ಎಂಬುದೇ ತಮಾಷೆ. ಸಾಹುಕಾರರೇ ಅರ್ಜಿ ಬರೆದು, ಸಹಿ ಹಾಕಿ, ಬಂದು ನೋಡಿ ಎಂದು ಕರೆದಿದ್ದರು. ಇಷ್ಟು ದೊಡ್ಡ ಕಾರು ಕೊಂಡವರಿಗೆ ಒಂದು ಹೊಸ ದೀಪವನ್ನು ವಿಮೆಯಲ್ಲಿ ಪುಕ್ಕಟೆ ಹಾಕಿಸಿಕೊಳ್ಳುವ ಆಸೆ.

ಗ್ಯಾರೇಜಿನ ಒಂದೇ ಒಂದು ಕುರ್ಚಿಯಲ್ಲಿ ಅವರು ಈಗ ಕೂತಿದ್ದರು.

"ಮಳಿ ನೀರ್ರೀ ಅದು," ಎಂದರು ಸಂಗಮನಾಥರು. "ಅಂಗಳದಾಗ ನಿಲ್ಲಿಸಿದ್ದೆ. ಜೋರು ಮಳಿ ಬಂತು, ಹೊಕ್ಕೊಂತು. ಬರಕೊಂಡು ಹೋಗ್ರಿ. ಇವರ್ಯಾಕ ಬಂದಾರ ಇಲ್ಲಿ?"

ಇವರು ಎಂದರೆ ಇಬ್ಬರು. ಹಳೆಯ ಟಯರುಗಳ ಪಕ್ಕದಲ್ಲಿ ಸೆರಗು ಬಿಗಿದು ನಿಂತಿದ್ದ ಭೀಮುವಿನ ಹೆಂಡತಿ ಸವಿತಾ. ಬಣ್ಣ ಮಾಸಿದ ಸೀರೆ, ಅದಕ್ಕೆ ಸ್ವಲ್ಪವೂ ಹೊಂದದ ಹೊಸ ಹಸಿರು ಖಣದ ಕುಬುಸ. ಅವಳ ಪಕ್ಕದಲ್ಲಿ ಭೀಮುವಿನ ವಕೀಲರು, ಸುನೀಲಕುಮಾರ. ಸುರಪುರದಲ್ಲಿ ಸವಿತಾಳ ಓಣಿಯವರೇ. ಫೀಸು ಬೇಡವೆಂದು ಕೇಸು ಹಿಡಿದಿದ್ದರು. ಇಂಥದ್ದು ಆ ಕಡೆ ಯಾವಾಗ ನಡೆದಿತ್ತೆಂದು ಯಾರಿಗೂ ನೆನಪಿಲ್ಲದ ಕಾರಣ ಎಲ್ಲರೂ ಅವರನ್ನು ಹೊಗಳುತ್ತಿದ್ದರು.

"ಸಾಕ್ಷಿಗೆ," ಎಂದರು ಬಸವೇಶ್ವರಿ. "ನಿಮಗ ಹೊಸ ಲೈಟು ಬೇಕೋ ಬ್ಯಾಡೋ?"

ಸಾಹುಕಾರರು ಕುರ್ಚಿಗೆ ಒರಗಿದರು. ಅದು ಬೇಕಾಗಿತ್ತು.

ಬಸವೇಶ್ವರಿ ದೀಪದ ಅಂಚಿನಲ್ಲಿ ಬೆರಳಾಡಿಸಿದರು. ಸುತ್ತಲೂ ಕಪ್ಪು ಸಿಲಿಕಾನ್ ಅಂಟು, ಹೋಳಿಗೆಗೆ ತುಪ್ಪ ಸುರಿದಷ್ಟು ಧಾರಾಳವಾಗಿ.

"ಇದನ್ನ ಯಾರು ಹಚ್ಚಿದ್ರು ಜಲಾಲ?"

"ನಾನ ರೀ. ತಿಂಗಳಾತು. ನೀರ ಹೊಕ್ಕಾವ ಅಂತ ಸಾವ್ಕಾರ್ರು ತಂದ್ರು. ಸುತ್ತೂ ಕಡೆ ಜಡದು ಬಿಟ್ಟೆ."

"ಬಿಚ್ಚಿ, ಒಳಗಿನ ನೀರು ತಗದು ಹಚ್ಚಿದಿ?"

ಜಲಾಲುದ್ದೀನ ಅವರನ್ನು ಕನಿಕರದಿಂದ ನೋಡಿದ. "ನೀರ ಒಳಗ ಹೋಗಬಾರದು ಅಂದ್ರು, ಬಂದ್ ಮಾಡಿದೆ. ಒಳಗಿಂದು ಹೊರಗ ಬರಬೇಕು ಅಂತ ಯಾರಂದ್ರು?"

"ಇಲ್ಲಿ ಕೆಳಗ ಒಂದು ಸಣ್ಣ ತೂತು ಇರಬೇಕಿತ್ತಲ್ಲ?"

"ಇತ್ರಿ, ಇತ್ತು!" ಅವನ ಮುಖ ಅರಳಿತು. "ಕಂಪನಿಯವರು ಮುಚ್ಚೋದು ಮರತಿದ್ರು. ಅದನ್ನೂ ನಾನ ಮುಚ್ಚಿದೆ."

"ಅದು ಲೈಟಿನ ಮೂಗು ಮಾರಾಯ. ಒಳಗ ಕಾವಾದ ಗಾಳಿ ಅದರಾಗಿಂದ ಹೊರಗ ಹೋಗಬೇಕು. ಸುಮ್ಮನ ಮಂಜು ಹಿಡದ್ರ, ಲೈಟು ಹಚ್ಚಿ ಒಂದೀಟು ಹೊತ್ತು ಬಿಟ್ರ ತಾನ ಹೋಗತದ. ನೀರು ನಿಂತಿದ್ರ ಬಿಚ್ಚಬೇಕು, ಒಣಗಿಸಬೇಕು, ಆಮ್ಯಾಲ ಹಚ್ಚಬೇಕು, ಮೂಗು ಬಿಟ್ಟು. ನೀ ಮೂಗು ಹಿಡದು, ಬಾಯಿ ಹೊಲದು, ಗುಣ ಆತು ಅಂತ ಕಳಿಸಿದಿ."

"ಖಾಲಿ-ಪೀಲಿ ನನ್ನ ಬೈಬ್ಯಾಡ್ರಿ. ಅವಸರ ಅಂದ್ರು."

ಬೈಯುವ ಉದ್ದೇಶ ಅವರಿಗಿರಲಿಲ್ಲ. ಕಂಡ ತೂತನ್ನೆಲ್ಲ ಮುಚ್ಚುವುದೇ ರಿಪೇರಿ ಎಂದು ನಂಬಿದ ಈ ಮನುಷ್ಯ ಐದು ವಾರದ ಹಿಂದಿನ ನೀರನ್ನು ಒಂದು ಹನಿ ಆರದಂತೆ ಕಾದಿಟ್ಟಿದ್ದ. ಯಾವ ಪೊಲೀಸರೂ ಸಾಕ್ಷಿಗೆ ಇಷ್ಟು ಗಟ್ಟಿ ಮೊಹರು ಹಾಕಿದ್ದನ್ನು ಅವರು ಕಂಡಿರಲಿಲ್ಲ.

"ಬಿಚ್ಚು," ಎಂದರು.

"ಒಂದು ನಿಮಿಷ ಮೇಡಂ," ವಕೀಲರು ಮುಂದೆ ಬಂದರು. ಅವರ ಕನ್ನಡ ಕೋರ್ಟಿಗೆ ಹೋಗಿ ಬಂದದ್ದು. "ನನ್ನ ಸಲಹೆ ಕೇಳಿದರೆ, ಇದನ್ನು ಬಿಚ್ಚದೆ ಹಿಂಗೇ ಪ್ರಯೋಗಾಲಯಕ್ಕೆ ಕಳಿಸೋದು ಒಳ್ಳೇದು. ಇಲ್ಲಿ ಬಿಚ್ಚಿದರೆ ನಾಳೆ ಸರ್ಕಾರಿ ವಕೀಲರು, ನೀರು ನೀವೇ ಹಾಕಿದ್ರಿ ಅಂತಾರ."

"ಪ್ರಯೋಗಾಲಯದಿಂದ ವರದಿ ಯಾವಾಗ ಬರತದ?"

"ಎರಡು ತಿಂಗಳು. ಮೂರೂ ಆಗಬಹುದು."

"ಮೂರು ತಿಂಗಳೇನ್ರಿ?" ಸವಿತಾ ಅಂದು ಮೊದಲ ಬಾರಿ ಬಾಯಿ ತೆರೆದಳು. "ಅಷ್ಟ್ರಾಗ ನಮ್ಮ ಮನಿಯವರು ಒಳಗ ಸಾಯ್ತಾರ್ರಿ ವಕೀಲ್ರ. ಹೋದ ಐತಾರ ನೋಡಾಕ ಹೋದ್ರ ನನ್ನ ಗುರ್ತ ಹಿಡೀಲಿಲ್ಲ. ಬಿಚ್ಚಸ್ರಿ ಅಕ್ಕಾರ. ಏನ ಇರತದೋ ಇರಲಿ, ಬಿಚ್ಚಸ್ರಿ."

ವಕೀಲರು ಕೈಚೆಲ್ಲಿದರು. "ಕಕ್ಷಿದಾರರ ಇಚ್ಛೆ. ಆದರೆ ನಡೆದದ್ದನ್ನೆಲ್ಲ ನಾನು ಬರೆದುಕೊಳ್ತೀನಿ. ಕೊನೆಗೆ ಎಲ್ಲರೂ ಸಹಿ ಮಾಡಬೇಕು." ಫೈಲಿನ ಮೇಲೆ ಕಾಗದ ಹಾಸಿ ಪೆನ್ನು ತೆಗೆದರು.

ಜಲಾಲುದ್ದೀನ ಡಿಕ್ಕಿ ತೆರೆದು ಪಾನಾದಿಂದ ಎರಡು ನಟ್ಟು ಬಿಚ್ಚಿದ. ವೈರು ಕಳಚಿ ದೀಪವನ್ನು ಹಸುಗೂಸಿನಂತೆ ಎತ್ತಿ ತಂದ. ಮಗಳ ಕೂದಲು ಒಣಗಿಸುವ ಯಂತ್ರವನ್ನು ಮನೆಯಿಂದ ತಂದಿಟ್ಟಿದ್ದ, ಗುಲಾಬಿ ಬಣ್ಣದ್ದು. ಅದರ ಬಿಸಿಗಾಳಿಗೆ ಅಂಟು ಮೆತ್ತಗಾಯಿತು. ತೆಳು ಸ್ಕ್ರೂಡ್ರೈವರ್ ತೂರಿಸಿ ಮೀಟಿದಾಗ ಕೆಂಪು ಗಾಜು ನಿಟ್ಟುಸಿರು ಬಿಟ್ಟು ಬೇರೆಯಾಯಿತು.

ವಾಸನೆ ಮೊದಲು ಬಂತು. ಕೆಸರಿನ ವಾಸನೆ.

ಬಸವೇಶ್ವರಿ ನೀರನ್ನು ಒಂದು ಖಾಲಿ ಬಾಟಲಿಗೆ ಬಗ್ಗಿಸಿದರು. ಚಹಾ ಬಣ್ಣದ ನೀರು. ನಿಂತ ಎರಡೇ ನಿಮಿಷಕ್ಕೆ ಬಾಟಲಿಯ ತಳದಲ್ಲಿ ಕಪ್ಪು ಹೂಳು ಇಳಿಯತೊಡಗಿತು.

"ಶಹಾಪುರದಾಗ ಮಳಿ ಈಗ ಕೆಸರು ಸಮೇತ ಬೀಳಾಕತ್ತದೇನ್ರಿ ಸಾವ್ಕಾರ್ರ?"

"ಧೂಳ ಇರತದ ರೀ ಗಾಡಿ ಅಂದಮ್ಯಾಲ," ಎಂದರು ಸಂಗಮನಾಥರು. ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಜರುಗಿದ್ದರು.

"ಜಲಾಲ, ಒಂದು ಚಹಾ ತರಸು. ತುಂಬ ಇರಲಿ. ಕಾಜಿನ ಗಿಲಾಸಿನಾಗ."

ಚಹಾ ಬಂತು. ಬಸವೇಶ್ವರಿ ಅದನ್ನು ಕುಡಿಯಲಿಲ್ಲ. ಕಬ್ಬಿಣದ ಮೇಜಿನ ಮೇಲೆ ಇಟ್ಟು, ಪಕ್ಕದಲ್ಲಿ ದೀಪವನ್ನು ಕಾರಿನಲ್ಲಿ ಹೇಗೆ ಕೂತಿರುತ್ತದೋ ಹಾಗೆಯೇ ನೆಟ್ಟಗೆ ಹಿಡಿದರು. ದೀಪದ ಬೆಳ್ಳಿ ಬಣ್ಣದ ಒಳಗೋಡೆಯ ಮೇಲೆ ಕೆಸರು ಒಣಗಿ ಒಂದು ಗೆರೆ ಬಿದ್ದಿತ್ತು. ನಿಂತ ನೀರು ಬಾನಿಯಲ್ಲಿ ಬಿಡುತ್ತದಲ್ಲ, ಅಂಥ ಗೆರೆ. ಅದು ಓರೆಯಾಗಿತ್ತು. ಕಾರಿನ ಮೂತಿಯ ಕಡೆ ಕೆಳಗೆ, ಬೆನ್ನಿನ ಕಡೆ ಮೇಲೆ.

"ಗಿಲಾಸ ನೋಡ್ರಿ. ನೀರಾಗಲಿ ಚಹಾ ಆಗಲಿ, ಯಾವತ್ತೂ ಸಮ ನಿಲ್ಲತದ. ಅದಕ್ಕ ಸಾವ್ಕಾರ್ರು ಬಡವ್ರು ಅಂತ ಭೇದ ಇಲ್ಲ. ಈಗ ಈ ಗೆರಿ ಚಹಾದ ಗೆರಿಗೆ ಸರಿ ಆಗಬೇಕಂದ್ರ..."

ದೀಪವನ್ನು ನಿಧಾನವಾಗಿ ಹಿಂದಕ್ಕೆ ವಾಲಿಸಿದರು. ಗೆರೆ ಮಟ್ಟವಾಯಿತು. ದೀಪ ಮಾತ್ರ ಹಿಂದಕ್ಕೆ ಒರಗಿ ಆಕಾಶ ನೋಡುತ್ತಿತ್ತು.

"ಕಾರು ಇಷ್ಟು ಇಳಕಲಿನಾಗ ನಿಂತಿತ್ತು. ಮೂತಿ ಮ್ಯಾಲ, ಬೆನ್ನು ನೀರಾಗ. ಗೆರಿ ಬೀಳೂವಷ್ಟು ಹೊತ್ತು. ನಿಮ್ಮ ಅಂಗಳ ನಾ ಮುಂಜಾನಿ ನೋಡಿ ಬಂದೇನಿ. ಗೋಲಿ ಇಟ್ರ ಉರುಳೂದಿಲ್ಲ, ಅಷ್ಟು ಸಪಾಟು ಫರಸಿ ಹಾಕಸೀರಿ."

ಸಾಹುಕಾರರು ಹೆಗಲ ಮೇಲಿನ ಟವಲಿನಿಂದ ಕುತ್ತಿಗೆ ಒರೆಸಿಕೊಂಡರು.

"ಖರೇ ಹೇಳ್ತೇನ್ರಿ. ಅಮಾಸಿ ಅಲ್ಲೇನು? ತಿಂಥಣಿ ಹೊಳೀಗೆ ಗಾಡಿ ತೊಳಿಯಾಕ ಒಯ್ದಿರಬೇಕು ಯಾರರ. ಎಲ್ಲಾರೂ ಒಯ್ತಾರ. ಅದರಾಗೇನು ತಪ್ಪು?"

"ಏನೂ ಇಲ್ಲ. ನಮ್ಮಪ್ಪನೂ ಒಯ್ತಿದ್ದ." ಬಸವೇಶ್ವರಿ ದೀಪ ಕೆಳಗಿಟ್ಟರು. "ಅಮಾಸಿಗೆ ಹೊಳೀಗೆ ಇಳಿಯೂ ಗಾಡಿ ಎಲ್ಲಾ ಮೂತಿ ಮುಂದ ಮಾಡಿ ಇಳೀತಾವ. ಮೊದಲು ಮಾರಿ ತೊಳೀಬೇಕು, ನಿಂಬಿಹಣ್ಣು ಹಚ್ಚಬೇಕು, ಆಮ್ಯಾಲ ಗಾಲಿ. ಬೆನ್ನು ಮುಂದ ಮಾಡಿ ಹೊಳೀಗೆ ಇಳದ ಗಾಡಿ ನೀವು ನೋಡೀರಿ?"

ಸಾಹುಕಾರರು ನೋಡಿರಲಿಲ್ಲ. ಜಲಾಲುದ್ದೀನನೂ ತಲೆಯಾಡಿಸಿದ.

"ಡಿಕ್ಕಿಯಾಗಿಂದ ನೀರಿಗೆ ಏನರ ಇಳಿಸೋದಿದ್ದವ ಮಾತ್ರ ಹಂಗ ನಿಲ್ಲಸ್ತಾನ."

ಗ್ಯಾರೇಜಿನ ಹೊರಗೆ ಸುರಪುರದ ಬಸ್ಸು ಹಾರ್ನು ಹೊಡೆಯುತ್ತ ಹೋಯಿತು.

"ಕಾರು ಹೋಗಿತ್ರಿ," ಎಂದರು ಸಂಗಮನಾಥರು. ದನಿ ಬೇಳೆಯಿಂದ ಹೊಟ್ಟಿಗೆ ಇಳಿದಿತ್ತು. "ನಾ ಹೋಗಿಲ್ಲ. ನಮ್ಮವ್ವನಾಣಿ, ನಾ ಹೋಗಿಲ್ಲ."

"ಮತ್ತ ಠಾಣೇದಾಗ ಹಂಗ್ಯಾಕ ಹೇಳಿದ್ರಿ?"

"ಹಂಗ ಹೇಳ್ರಿ, ನಿಮ್ಮ ಹೆಸರು ಎಲ್ಲೂ ಬರೂದಿಲ್ಲ ಅಂದ್ರು."

"ಯಾರು ಅಂದ್ರು?"

ಸಾಹುಕಾರರು ತಗಡಿನ ಚಾವಣಿ ನೋಡಿದರು. ಅಲ್ಲಿ ಒಂದು ಫ್ಯಾನಿತ್ತು, ತಿರುಗುತ್ತಿರಲಿಲ್ಲ. ಅದನ್ನು ಬಹಳ ಹೊತ್ತು ಅಭ್ಯಾಸ ಮಾಡಿದರು.

"ಯಾರೋ ಅಂದ್ರು ಬಿಡ್ರಿ. ಗಾಡಿ ಓಡಿಸಿದವ ಭೀಮ್ಯಾ ಅಲ್ಲದ ಮತ್ಯಾರು? ಡ್ರೈವರ್ ಅವನ ಅಲ್ಲೇನು?"

"ಅಮಾಸಿ ದಿನ ಅವರು ಜ್ವರ ಬಂದು ಕೌದಿ ಹೊತ್ತು ಮಲಗಿದ್ರು," ಎಂದಳು ಸವಿತಾ. "ಐದು ವಾರದಿಂದ ಹೇಳಾಕತ್ತೇನಿ. ಕಾರ ಅಲ್ಲಾಡಿಲ್ಲ ಅಂದಾಗ ನಿಮ್ಮ ಮಾತು ನಂಬಿದ್ರು. ಈಗ ಅಲ್ಲಾಡೇದ ಅಂದ್ರೂ ನಿಮ್ಮ ಮಾತ ನಂಬಬೇಕೇನ್ರಿ?"

ಸಾಹುಕಾರರು ಟವಲನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡರು. ಹೆಂಗಸರು ಪ್ರಶ್ನೆ ಕೇಳುವುದನ್ನೇ ಅವರು ಈ ವರ್ಷ ಮೊದಲ ಸಲ ನೋಡುತ್ತಿದ್ದರು, ಅದೂ ಒಂದೇ ದಿನ ಇಬ್ಬರಿಂದ.

"ಇಷ್ಟು ಸಾಕು ಮೇಡಂ," ವಕೀಲರ ದನಿ ಸಂತೋಷದಿಂದ ತುಸು ಏರಿತ್ತು. "ಬಹಳ ಸಾಕು. ಕಾರು ಹೋಗಿತ್ತು ಅಂತ ಸಾಬೀತಾತು. ದೀಪ ನನ್ನ ಕೈಗೆ ಕೊಡ್ರಿ, ಬಟ್ಟೆಯಲ್ಲಿ ಕಟ್ಟಿ ಒಯ್ಯತೀನಿ."

"ಒಣಗಿಸದ ಹೆಂಗ ಒಯ್ತೀರಿ? ಮತ್ತ ಮಂಜು ಹಿಡೀತದ," ಎಂದು ಬಸವೇಶ್ವರಿ ದೀಪವನ್ನು ಬೋರಲು ಹಾಕಿ ತಟ್ಟಿದರು.

ಹನಿ ಉದುರಿತು. ಇನ್ನೊಮ್ಮೆ ತಟ್ಟಿದರು. ಬಲ್ಬಿನ ಕೆಳಗಿನ ಇಕ್ಕಟ್ಟಾದ ಮೂಲೆಯಲ್ಲಿ ಏನೋ ಅಲ್ಲಾಡಿತು. ಕೆಸರೇ ಗಟ್ಟಿಯಾಗಿದೆ ಎಂದುಕೊಂಡದ್ದು ಕೆಸರಾಗಿರಲಿಲ್ಲ. ಸ್ಕ್ರೂಡ್ರೈವರಿನ ತುದಿಯಿಂದ ಎಬ್ಬಿಸಿದಾಗ ಅದು ಟಪ್ಪೆಂದು ಮೇಜಿನ ಮೇಲೆ ಬಿತ್ತು.

ಒಂದು ಗಂಟು. ಬೆರಳುದ್ದ, ಸುಟ್ಟ ಬದನೆಕಾಯಿಯಷ್ಟು ಕಪ್ಪು, ಹೊಟ್ಟೆ ಉಬ್ಬಿದ್ದು.

"ಮಾಟಾ!" ಎಂದು ಸಂಗಮನಾಥರು ಕುರ್ಚಿ ಬಿಟ್ಟು ಎದ್ದರು. "ನನ್ನ ಗಾಡಿಗೆ ಮಾಟಾ ಮಾಡ್ಯಾರ! ಅದಕ್ಕ ನನ್ನ ಹೆಸರು ಕೆಡಾಕತ್ತದ!"

ಅವರ ಗಾಬರಿ ಅಪ್ಪಟವಾಗಿತ್ತು. ಅಂದು ಅವರಿಂದ ಬಂದ ಮೊದಲ ಅಪ್ಪಟ ವಸ್ತು ಅದು.

"ಯಾ ಅಲ್ಲಾ," ಜಲಾಲುದ್ದೀನ ಮೂಗು ಹಿಡಿದು ಬಗ್ಗಿದ. "ನಾ ಇಟ್ಟಿಲ್ರಿ ಬಾಯಾರ. ನಾ ಹೊರಗಿಂದ ಹಚ್ಚೀನಿ, ಒಳಗ ಕೈ ಹಾಕೇ ಇಲ್ಲ."

ಗಂಟಿನ ಒಂದು ಕಡೆ ಹರಿದು ಒಳಗಿನದು ಇಣುಕುತ್ತಿತ್ತು. ಬಸವೇಶ್ವರಿ ಉಗುರಿನಿಂದ ಒಂದು ಕಾಳು ಕಿತ್ತರು. ಬೂದು ಬಣ್ಣಕ್ಕೆ ತಿರುಗಿದ, ಉಬ್ಬಿದ ಅಕ್ಕಿ.

ಅವರಿಗೆ ಅರ್ಥವಾಯಿತು. ಒದ್ದೆಯಾದ ಮೊಬೈಲನ್ನು ಅಕ್ಕಿಯಲ್ಲಿ ಹೂಳುವುದು ಈಗ ಮನೆಮನೆಯ ವೈದ್ಯ. ಯಾವನೋ ಬುದ್ಧಿವಂತ ಅದೇ ವೈದ್ಯವನ್ನು ದೀಪಕ್ಕೂ ಮಾಡಿದ್ದ. ಬಲ್ಬು ಕಳಚಿ, ಬಲ್ಬಿನ ತೂತಿನಿಂದ ಅಕ್ಕಿಯ ಸಣ್ಣ ಗಂಟು ಒಳಗೆ ತೂರಿಸಿದ್ದ. ಅಕ್ಕಿ ನೀರು ಕುಡಿಯಿತು, ಉಬ್ಬಿತು, ಬಂದ ದಾರಿಯಲ್ಲಿ ಹೊರಗೆ ಹೋಗಲಾರದಾಯಿತು. ಒಬ್ಬ ಮನುಷ್ಯನನ್ನು ಹೊಳೆಗೆ ಇಳಿಸುವಷ್ಟು ಧೈರ್ಯವಿದ್ದವನಿಗೆ ಅಕ್ಕಿ ಉಬ್ಬುತ್ತದೆಂಬುದು ತಿಳಿದಿರಲಿಲ್ಲ. ಜೀವನದಲ್ಲಿ ಒಮ್ಮೆಯಾದರೂ ಅನ್ನಕ್ಕೆ ಇಟ್ಟವನಾಗಿದ್ದರೆ ತಿಳಿಯುತ್ತಿತ್ತು.

ವಕೀಲರು ಬರೆದು ಮುಗಿಸಿದರು. ಪೆನ್ನಿಗೆ ಟೋಪಿ ಹಾಕಿ ಜೇಬಿಗೆ ಸಿಕ್ಕಿಸಿಕೊಂಡು, ಕಾಗದವನ್ನು ಫೈಲಿನ ಕೆಳಗೆ ಮೇಜಿನ ಮೇಲಿಟ್ಟರು.

"ಜಲಾಲ, ಒಂದು ಮಗ್ಗು ನೀರು ತಾ," ಎಂದರು ಬಸವೇಶ್ವರಿ.

ಜಲಾಲುದ್ದೀನ ಮೂಲೆಯ ಬಕೆಟ್ಟಿನಿಂದ ನೀರು ತಂದು ಗಂಟಿನ ಮೇಲೆ ಸುರಿದ. ಕಪ್ಪು ಇಳಿಯಿತು. ಇನ್ನಷ್ಟು ಸುರಿದ. ಕೆಸರಿನ ಅಡಿಯಿಂದ ಬಟ್ಟೆಯ ಬಣ್ಣ ಮೆಲ್ಲಗೆ ಮೇಲೆ ಬಂತು.

ಹಸಿರು. ಅಂಚಿಗೆ ಕೆಂಪು ದಡಿಯ ಖಣ.

ಎಲ್ಲರ ಕಣ್ಣುಗಳೂ ಒಟ್ಟಿಗೆ ಟಯರುಗಳ ಕಡೆ ತಿರುಗಿದವು. ಸವಿತಾ ಸೆರಗನ್ನು ತೋಳಿನ ಮೇಲೆ ಎಳೆದುಕೊಳ್ಳಲು ಹೋದಳು. ತಡವಾಗಿತ್ತು. ಅದೇ ಹಸಿರು, ಅದೇ ದಡಿ.

"ನೋಡ್ರಿ! ನೋಡ್ರಿ!" ಸಂಗಮನಾಥರಿಗೆ ಹೋದ ಪ್ರಾಣ ಮರಳಿತು. "ಇಕೀ ಕುಬುಸದ ತುಂಡ ಅದು! ಗಂಡ ಹೊಳೀಗೆ ಒಯ್ದಾನ, ಹೆಂಡತಿ ಒಣಗಿಸ್ಯಾಳ. ಫೋನೂ ಅಕ್ಕಿಯಾಗ, ಲೈಟಿಗೂ ಅಕ್ಕಿ. ಬಾಯಾರ, ಇದನ್ನ ಬರೀರಿ! ಯಾಕ ಬರಿಯವಲ್ರಿ?"

ಸವಿತಾ ಗೋಡೆಗೆ ಒರಗಿ ಮೆಲ್ಲನೆ ಕೆಳಗೆ ಕೂತಳು. ಗಂಡನನ್ನು ಬಿಡಿಸಲೆಂದು ಬಿಚ್ಚಿಸಿದ ದೀಪ ಅವನ ಕೊರಳಿಗೇ ಗಂಟು ಹಾಕಿತ್ತು, ತನ್ನದೇ ಕುಬುಸದ ಬಟ್ಟೆಯಲ್ಲಿ.

"ಸವಿತಾ, ಒಂದು ಮಾತೂ ಆಡಬ್ಯಾಡ," ಎಂದರು ವಕೀಲರು ಮೃದುವಾಗಿ. "ನಿನ್ನ ಒಳ್ಳೇದಕ್ಕ ಹೇಳಾಕತ್ತೀನಿ. ಮೇಡಂ, ನಾನು ಮೊದಲೇ ಹೇಳಿದ್ದೆ, ಬಿಚ್ಚಬ್ಯಾಡ್ರಿ ಅಂತ. ಈಗ ನೋಡ್ರಿ. ಆದದ್ದಾತು. ಬರೆದದ್ದಕ್ಕೆ ಸಹಿ ಮಾಡಿಬಿಡ್ರಿ, ಹೊರಡೋಣ."

ಬಸವೇಶ್ವರಿ ಫೈಲಿನ ಕೆಳಗಿನ ಕಾಗದ ಎಳೆದುಕೊಂಡರು. ಸಹಿ ಮಾಡುವ ಮೊದಲು ಓದುವುದು ಅವರ ಕೆಟ್ಟ ಚಾಳಿ. ಅದಕ್ಕಾಗಿ ಮೂರು ಕಂಪನಿಗಳು ಅವರನ್ನು ಕರೆಯುವುದನ್ನೇ ಬಿಟ್ಟಿದ್ದವು.

ಅಕ್ಷರಗಳು ದುಂಡಗೆ, ಮುತ್ತಿನಂತೆ ಇದ್ದವು. ದೀಪ ಬಿಚ್ಚಿದ್ದು, ನೀರು, ಹೂಳು, ಗೆರೆ, ಸಾಹುಕಾರರ ಮಾತು. ಕೊನೆಯ ಸಾಲನ್ನು ಅವರು ಎರಡು ಸಲ ಓದಿದರು. ಆಮೇಲೆ ಖಾಲಿ ಮಗ್ಗನ್ನು ನೋಡಿದರು. ವಕೀಲರ ಜೇಬಿನಲ್ಲಿ ಟೋಪಿ ಹಾಕಿಕೊಂಡು ನೆಟ್ಟಗೆ ನಿಂತಿದ್ದ ಪೆನ್ನನ್ನು ನೋಡಿದರು. ಗಂಟಿನ ಮೇಲೆ ನೀರು ಬೀಳುವ ಮೊದಲೇ ಜೇಬು ಸೇರಿದ್ದು ಆಮೇಲೆ ಹೊರಗೆ ಬಂದಿರಲಿಲ್ಲ.

ಕೊನೆಯ ಸಾಲು ಹೀಗಿತ್ತು: *ದೀಪದ ಒಳಮೂಲೆಯಲ್ಲಿ ಹಸಿರು ಖಣದ ಬಟ್ಟೆಯಲ್ಲಿ ಕಟ್ಟಿದ ಅಕ್ಕಿಯ ಗಂಟು ಒಂದು.*

ಅವರು ಕಾಗದವನ್ನು ಮಡಿಚಲಿಲ್ಲ, ಮೇಲೆ ಎತ್ತಲಿಲ್ಲ. ಸವಿತಾಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತರು.

"ತಂಗಿ, ಈ ಗಂಟು ಕಟ್ಟಿದಾಕಿ ನೀನ ಹೌದಲ್ಲ?"

"ಮೇಡಂ, ನನ್ನ ಕಕ್ಷಿದಾರರ ಹೆಂಡತಿ ಉತ್ತರ ಕೊಡೂದಿಲ್ಲ," ಎಂದರು ವಕೀಲರು. ಮೃದುತ್ವ ಸ್ವಲ್ಪ ಸವೆದಿತ್ತು.

"ನಾನ ಕಟ್ಟಿದ್ದ್ರಿ ಅಕ್ಕಾರ," ಎಂದಳು ಸವಿತಾ. ಕಣ್ಣು ಮೇಜಿನ ಮೇಲಿನ ಹಸಿರನ್ನು ಬಿಟ್ಟಿರಲಿಲ್ಲ. "ಅಮಾಸಿ ಮರುದಿನ ನಸುಕಿನ್ಯಾಗ. ಓಣ್ಯಾಗ ಯಾರ ಫೋನ ತೊಯ್ದ್ರೂ ನನ್ನ ಕಡೀಗೇ ಬರ್ತಾರ್ರಿ. ಫೋನಿಗೆ ನೀರ ಬಿದ್ದಾವ, ಅಕ್ಕಿ ಕಟ್ಟಿಕೊಡು, ಬೆರಳಿನಂಗ ಸಣ್ಣಗ ಇರಲಿ ಅಂದ್ರು. ಕುಬುಸ ಹೊಲದು ಉಳದ ತುಂಡಿನ್ಯಾಗ ಕಟ್ಟಿದೆ. ಫೋನಿಗ್ಯಾಕ ಇಷ್ಟು ಸಣ್ಣ ಗಂಟು ಅಂತ ನನಗ ತಿಳೀಲಿಲ್ಲ. ದೊಡ್ಡ ಮಂದಿ, ನಾ ಕೇಳಲಿಲ್ಲ."

"ಯಾರ ಕೈಯಾಗ ಕೊಟ್ಟಿ?"

"ನಮ್ಮ ಮನಿಯವರ ಕೈಯಾಗ ಅಲ್ರಿ."

ಅವಳು ತಲೆ ಎತ್ತಿದಳು. ಅವಳ ಕಣ್ಣು ಸಾಹುಕಾರರ ಮೇಲೆ ಒಂದು ಕ್ಷಣವೂ ನಿಲ್ಲದೆ ಮುಂದೆ ಹೋಗಿ ವಕೀಲರ ಮೇಲೆ ನಿಂತಿತು. ಸಂಗಮನಾಥರು ಮತ್ತೆ ಫ್ಯಾನಿನ ಅಭ್ಯಾಸಕ್ಕೆ ತೊಡಗಿದರು.

"ಕಾಗದ ಇಲ್ಲಿ ಕೊಡ್ರಿ ಮೇಡಂ," ಎಂದರು ಸುನೀಲಕುಮಾರ. "ಅಕ್ಷರ ಸರಿ ಬಂದಿಲ್ಲ. ಬ್ಯಾರೆ ಬರದು ಕೊಡ್ತೀನಿ."

ನಾಳೆ ಹನ್ನೊಂದು ಗಂಟೆಗೆ ಭೀಮುವಿನ ಪರವಾಗಿ ಎದ್ದು ನಿಲ್ಲಬೇಕಾದ ಒಬ್ಬನೇ ಒಬ್ಬ ಮನುಷ್ಯ, ಬಸವೇಶ್ವರಿಯ ಎದುರು ಕೈ ಚಾಚಿ ನಿಂತಿದ್ದ.